ಐ ಸ್ಪಿಟ್ ಆನ್ ಯುವರ್ ಗ್ರೇವ್ (1978): ಈಗ ನೋಡಿದ್ರೆ ಏನನ್ಸುತ್ತೆ?

ಬಾಲ್ಕನಿಸೀಟು: ಕಾಲೇಜಲ್ಲಿದ್ದಾಗ ಅರ್ಧಕ್ಕೇ ನಿಲ್ಸಿದ್ದೆ, ಹೊಟ್ಟೆ ತೊಳೆಸಿಬಿಟ್ಟಿತ್ತು. ಮೊನ್ನೆ ಪೂರ್ತಿ ನೋಡ್ದೆ, 2010ರ ರೀಮೇಕ್ ಅಲ್ಲ, ಮೀರ್ ಜಾರ್ಚಿ ತೆಗ್ದಿರೋ ಹಳೇದು. ಜೆನ್ನಿಫರ್ ಅನ್ನೋಳ ಮೇಲೆ ಕೆಲವು ಗಂಡಸರು ಅತ್ಯಾಚಾರ ಮಾಡ್ತಾರೆ, ಆಮೇಲೆ ಅವಳು ಒಬ್ಬೊಬ್ರನ್ನೇ ಕೊಂದು ಸೇಡು ತೀರಿಸ್ಕೋತಾಳೆ, ಅದೇ ಕಥೆ. ಅಮೆರಿಕದ ಸಿನಿಮಾ ವಿಮರ್ಶಕ ರೋಜರ್ ಎಬರ್ಟ್ ಒಂದು ಸ್ಟಾರೂ ಕೊಡ್ದೆ ಕಸ ಅಂತ ಬರ್ದಿದ್ರು, ಬ್ರಿಟನ್ನಲ್ಲಿ ವಿಡಿಯೋ ನ್ಯಾಸ್ಟಿ, ಅಂದ್ರೆ ಅಶ್ಲೀಲ, ಕ್ರೂರ ಅಂತ ಗುರುತಿಸಿದ ವಿಡಿಯೋಗಳ ಪಟ್ಟಿಗೆ ಸೇರ್ತು. ಆದ್ರೆ ಈ ಸಲ ನಂಗೆ ಆ ಅತ್ಯಾಚಾರದ ದೃಶ್ಯದಲ್ಲಿ ಎಲ್ಲೂ ಚಪಲ ಕಾಣ್ಲಿಲ್ಲ, ಹಿನ್ನೆಲೆ ಸಂಗೀತಾನೇ ಇಲ್ಲ, ಅವಳ ಕೂಗು ಬಿಟ್ರೆ ಸುತ್ತ ಕಾಡು ಅಷ್ಟೇ. ನಿಮಗೇನನ್ಸುತ್ತೆ?

ಮಳೆಕಾಡು: ಜಾರ್ಚಿ ಇಟ್ಟಿದ್ದ ಹೆಸ್ರೇ ಬೇರೆ, ಡೇ ಆಫ್ ದಿ ವುಮನ್. 1974ರಲ್ಲಿ ನ್ಯೂಯಾರ್ಕಲ್ಲಿ ಪಾರ್ಕಿನ ಹತ್ರ ಮೈಮೇಲೆ ಬಟ್ಟೆ ಇಲ್ದೆ ರಕ್ತ ಸುರಿಸ್ಕೊಂಡು ಬಂದ ಒಬ್ಬ ಹುಡುಗೀನ ಅವ್ರು ಪೊಲೀಸ್ ಹತ್ರ ಕರ್ಕೊಂಡ್ ಹೋದ್ರಂತೆ, ದವಡೆ ಮುರಿದು ಮಾತೇ ಹೊರಡ್ತಿರ್ಲಿಲ್ಲ, ಆಸ್ಪತ್ರೆಗೆ ಕಳ್ಸೋದ್ ಬಿಟ್ಟು ಆ ಪೊಲೀಸಪ್ಪ ಹೆಸರೇನು ಅಂತ ಕೇಳ್ತಾ ಕೂತಿದ್ನಂತೆ. ಸಿನಿಮಾ ಹುಟ್ಟಿದ್ದು ಅಲ್ಲಿಂದ. ಈಗಿನ ಹೆಸ್ರು ಆಮೇಲೆ ಮಾರಾಟಕ್ಕೆ ತಗೊಂಡೋರು ಇಟ್ಟಿದ್ದು. ಅವ್ರ ಪೋಸ್ಟರ್ ನೋಡಿ, ಅರೆಬತ್ತಲೆ ಹೆಣ್ಣಿನ ಬೆನ್ನು, ಐದು ಜನ ಗಂಡಸರನ್ನ ಕೊಚ್ಚಿ ಹಾಕಿದ್ಲು ಅಂತ ಬೇರೆ. ಸಿನಿಮಾದಲ್ಲಿ ಇರೋದೇ ನಾಲ್ಕು ಜನ! ಅವಮಾನ ಆಗಿದ್ದು ಅಲ್ಲಿ.

ಸೆಕೆಂಡ್‌ಶೋ: ಮೇಡಂ, ಪೋಸ್ಟರ್ ವಿಷ್ಯ ಒಪ್ಕೋತೀನಿ, ಆದ್ರೆ ಎಲ್ಲಾ ತಪ್ಪು ಅದ್ರ ತಲೆಗೆ ಕಟ್ಟಕ್ಕಾಗಲ್ಲ. ಸೇಡಿನ ಭಾಗದಲ್ಲಿ ಜೆನ್ನಿಫರ್ ತನ್ನ ಮೈಯನ್ನೇ ಬಲೆ ಮಾಡಿ ಅವ್ರನ್ನ ಕರೀತಾಳೆ, ಅಷ್ಟೆಲ್ಲಾ ಅನುಭವಿಸಿದ ಹೆಣ್ಣು ಹಾಗ್ ಮಾಡ್ತಾಳಾ? ಅಲ್ಲಿ ಕ್ಯಾಮೆರಾ ಮತ್ತೆ ಗಂಡಸಿನ ಕಣ್ಣಾಗುತ್ತೆ. ಎಬರ್ಟ್‌ಗೂ ಕೋಪ ಬಂದಿದ್ದು ಬರೀ ಸಿನಿಮಾ ಮೇಲಲ್ಲ, ಥಿಯೇಟ್ರಲ್ಲಿ ಪಕ್ಕದಲ್ಲಿ ಕೂತೋರು ಆ ದೃಶ್ಯಗಳಿಗೆ ಹುರಿದುಂಬಿಸ್ತಿದ್ರು. ಅದನ್ನ ಕೇಳಿಸ್ಕೊಂಡು ಬಂದೋರಿಗೆ ಇದು ಸ್ತ್ರೀಪರ ಅಂತ ಹೇಗ್ ಹೇಳೋದು?

ಮಳೆಕಾಡು: ಬಲೆ ಬೀಸೋ ಭಾಗ ನಂಗೂ ಹಿಡ್ಸಲ್ಲ. ಆದ್ರೆ ಆ ನಾಲ್ವರಲ್ಲಿ ಒಬ್ಬ ಜಾನಿ, ಅವಳ ಬಂದೂಕಿನ ಮುಂದೆ ಮೊಣಕಾಲೂರಿ ಕೂತಾಗ್ಲೂ ತಪ್ಪು ನಿಂದೇ, ನಿನ್ನ ಬಟ್ಟೆ, ನಿನ್ನ ಕಾಲು ಅಂತಾನಲ್ಲ, ಅದನ್ನ ಕೇಳ್ದೇ ಬೆಳೆದ ಹುಡುಗಿ ನಮ್ಮಲ್ಲಿ ಯಾರಿದ್ದಾರೆ ಹೇಳಿ.

ಕಾಗದದೋಣಿ: ಇಬ್ರೂ ಒಂದು ದೃಶ್ಯ ಬಿಟ್ರಿ. ಜೆನ್ನಿಫರ್ ಬರಹಗಾರ್ತಿ, ಕಾದಂಬರಿ ಬರೀಬೇಕು ಅಂತ್ಲೇ ಊರಾಚೆ ಮನೆ ಬಾಡಿಗೆಗೆ ಹಿಡ್ದಿರ್ತಾಳೆ. ಅವ್ರು ಹಸ್ತಪ್ರತಿ ಓದಿ ನಗಾಡಿ ಹರಿದ್ ಹಾಕ್ತಾರೆ. ಆಮೇಲೆ ಮುಖದ ಗಾಯ ಇನ್ನೂ ಮಾಸಿರಲ್ಲ, ಕೂತ್ಕೊಂಡು ಒಂದೊಂದೇ ಚೂರು ಜೋಡ್ಸಿ ಟೇಪ್ ಹಚ್ತಾಳೆ, ಒಂದು ಮಾತಿಲ್ಲ. ಜೆನ್ನಿಫರ್ ಪಾತ್ರ ಮಾಡಿದ ಕ್ಯಾಮಿಲ್ ಕೀಟನ್ ಅಲ್ಲಿ ಅಳೋದೂ ಇಲ್ಲ. ಸೇಡಿನ ಕೊಲೆಗಳ ಕೊಡಲಿ ದೋಣಿ ಎಲ್ಲಾ ಮರೆತೋಗಿದೆ ನಂಗೆ, ಆ ಟೇಪ್ ಹಚ್ಚೋ ಬೆರಳು ಮಾತ್ರ ಕಣ್ಣಲ್ಲೇ ಇದೆ.