ಕುಡಿತ ಬಿಟ್ಟವರ ಮಾತನ್ನು ಕೇಂದ್ರದ ಪ್ರಚಾರಕ್ಕೆ ಬಳಸಬಹುದೇ? ಬಳಸುವುದಾದರೆ ಹೇಗೆ?

ಪ್ರಶ್ನೆ: ಸಮಾಜ ಕಾರ್ಯಕರ್ತೆ, ಹಾಸನ ಜಿಲ್ಲೆ

ಎಲ್ಲರಿಗೂ ನಮಸ್ಕಾರ. ಟ್ರಸ್ಟೊಂದು ತಾಲ್ಲೂಕು ಊರಿನಲ್ಲಿ ನಡೆಸುತ್ತಿರುವ ಹದಿನೈದು ಹಾಸಿಗೆಗಳ ವ್ಯಸನಮುಕ್ತಿ ಕೇಂದ್ರದಲ್ಲಿ ನಾಲ್ಕು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ನಮ್ಮಲ್ಲಿಗೆ ಬರುವವರಲ್ಲಿ ಹೆಚ್ಚಿನವರು ಕುಡಿತಕ್ಕೆ ಸಿಕ್ಕವರು. ಈಚೆಗೆ ಗಾಂಜಾ ಸೇದುವ ಹುಡುಗರನ್ನೂ ತಂದೆತಾಯಿಗಳು ಕರೆತರುತ್ತಿದ್ದಾರೆ. ಸುತ್ತಲಿನ ಹಳ್ಳಿಗಳಲ್ಲಿ ಕುಡಿತದಿಂದ ಹಾಳಾದ ಮನೆಗಳಿಗೆ ಲೆಕ್ಕವಿಲ್ಲ, ಆದರೂ ನಮ್ಮ ಹಾಸಿಗೆಗಳಲ್ಲಿ ಅರ್ಧಕ್ಕರ್ಧ ಖಾಲಿ ಇರುತ್ತವೆ. ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಮದ್ಯಕ್ಕೆ ಅಂಟಿಕೊಂಡವರಲ್ಲಿ ಯಾವುದಾದರೂ ನೆರವು ಪಡೆದವರು 38 ಮಂದಿಗೆ ಒಬ್ಬರು ಮಾತ್ರ. ಒಳರೋಗಿಯಾಗಿ ಚಿಕಿತ್ಸೆ ಪಡೆದವರು 180 ಮಂದಿಗೆ ಒಬ್ಬರು. ಹೀಗಾಗಿ ಪ್ರಚಾರ ಬೇಕೆಂಬುದರಲ್ಲಿ ನನಗೂ ಭಿನ್ನಾಭಿಪ್ರಾಯವಿಲ್ಲ.

ಕಳೆದ ತಿಂಗಳ ಟ್ರಸ್ಟ್ ಸಭೆಯಲ್ಲಿ, ಗುಣವಾದ ಹತ್ತು ಮಂದಿಯ ಅನುಭವ ಬರೆಸಿ, ಫೋಟೊ ಸಹಿತ ಕರಪತ್ರ ಅಚ್ಚು ಹಾಕಿಸಬೇಕು, ಎರಡು ನಿಮಿಷದ ವಿಡಿಯೊಗಳನ್ನು ಮಾಡಿ ವಾಟ್ಸ್‌ಆ್ಯಪ್‌ನಲ್ಲಿ ಹಂಚಬೇಕು ಎಂದು ತೀರ್ಮಾನವಾಯಿತು. ಮನೆಗೆ ಹೋದ ಮೇಲೆ ಯಾರೂ ಕೈಗೆ ಸಿಗುವುದಿಲ್ಲ, ಆದ್ದರಿಂದ ಬಿಡುಗಡೆಯ ದಿನವೇ ಬರೆಸಿಕೊಳ್ಳಿ ಎಂದು ಅಧ್ಯಕ್ಷರು ಹೇಳಿದ್ದಾರೆ. ಮೊನ್ನೆ ಒಬ್ಬರನ್ನು ಕೇಳಿದೆ. "ನೀವು ಕೇಳಿದ ಮೇಲೆ ಇಲ್ಲ ಅನ್ನೋದುಂಟಾ ಮೇಡಂ" ಎಂದು ನಕ್ಕು, ಹಾಳೆ ಇಸಿದುಕೊಂಡು, ಹತ್ತು ನಿಮಿಷದಲ್ಲಿ ಬರೆದುಕೊಟ್ಟರು. "ಈ ಕೇಂದ್ರವು ನನಗೆ ಹೊಸ ಬಾಳು ನೀಡಿದ ದೇವಾಲಯ" ಎಂದಿತ್ತು. ಊಟದ ಹಾಲಿನ ಗೋಡೆಯ ಮೇಲಿನ ಫಲಕದಲ್ಲಿರುವ ವಾಕ್ಯವೂ ಅಕ್ಷರಶಃ ಅದೇ. ಆ ಹಾಳೆಯನ್ನು ಇನ್ನೂ ಯಾರಿಗೂ ಕೊಟ್ಟಿಲ್ಲ, ನನ್ನ ಡ್ರಾಯರಿನಲ್ಲೇ ಇದೆ.

ಇಂಥ ಅನುಭವಗಳನ್ನು ಯಾವಾಗ ಕೇಳಬೇಕು, ಯಾರು ಕೇಳಬೇಕು, ಏನೆಂದು ಕೇಳಬೇಕು? ಹೆಸರು ಮತ್ತು ಮುಖ ತೋರಿಸುವುದು ಸರಿಯೇ? ಕಾನೂನಿನ ತೊಡಕುಗಳೇನಾದರೂ ಇವೆಯೇ? ಈ ಕ್ಷೇತ್ರದಲ್ಲಿ ಪಳಗಿದವರು ದಯವಿಟ್ಟು ತಿಳಿಸಬೇಕು.

ಉತ್ತರ 1: ಮನೋವೈದ್ಯಕೀಯ ಸಮಾಜ ಕಾರ್ಯಕರ್ತ, ಬೆಂಗಳೂರು

ಮೇಡಂ, ಬಿಡುಗಡೆಯ ದಿನ ಖಂಡಿತ ಬೇಡ. ಮೂರು ವಾರವೋ ಒಂದು ತಿಂಗಳೋ ಹೊತ್ತಿಗೆ ಸರಿಯಾಗಿ ಊಟ, ನಿದ್ದೆ, ಮಾತ್ರೆ ಸಿಕ್ಕಿದ ಮನುಷ್ಯನಿಗೆ ಆ ದಿನ ಇಡೀ ಲೋಕವನ್ನೇ ಗೆದ್ದಂತಿರುತ್ತದೆ. ಹೇಳುವ ಮಾತಿನಲ್ಲಿ ಸುಳ್ಳೇನೂ ಇರುವುದಿಲ್ಲ, ಆದರೆ ಬಸ್ ಸ್ಟ್ಯಾಂಡಿನ ಎದುರಿನ ಬಾರನ್ನು ಅವನು ಇನ್ನೂ ದಾಟಿ ನೋಡಿರುವುದಿಲ್ಲ. ರೋಗನಿರ್ಣಯದ ಕೈಪಿಡಿಯಾದ ಡಿಎಸ್‌ಎಂ-5ರ ಭಾಷೆಯಲ್ಲಿ, ಮೂರು ತಿಂಗಳು ತುಂಬಿ ಹನ್ನೆರಡು ತಿಂಗಳಾಗುವವರೆಗಿನದು ಆರಂಭಿಕ ಉಪಶಮನ (ಕಾಯಿಲೆ ತಗ್ಗಿದ ಸ್ಥಿತಿ), ಹನ್ನೆರಡು ತಿಂಗಳು ದಾಟಿದ ಮೇಲಿನದು ಸ್ಥಿರ ಉಪಶಮನ. ಬಿಡುಗಡೆಯ ದಿನದ ಮನುಷ್ಯ ಇವೆರಡರಲ್ಲಿ ಯಾವುದಕ್ಕೂ ಸೇರುವುದಿಲ್ಲ. ಅಂಥವರ ಫೋಟೊದ ಕೆಳಗೆ "ಗುಣಮುಖರಾದವರು" ಎಂದು ಅಚ್ಚು ಹಾಕಿಸಿದರೆ, ವೈದ್ಯಶಾಸ್ತ್ರವೇ ಹೇಳದ ಮಾತನ್ನು ನೀವು ಹೇಳಿದಂತಾಗುತ್ತದೆ. ಒಂದು ವರ್ಷವನ್ನು ಕನಿಷ್ಠ ಮಿತಿಯಾಗಿ ಇಟ್ಟುಕೊಳ್ಳಿ ಎಂಬುದು ನನ್ನ ಸಲಹೆ. ಅಷ್ಟು ಹೊತ್ತಿಗೆ ಕೈಗೆ ಸಿಗುವುದಿಲ್ಲ ಎಂಬ ಅಧ್ಯಕ್ಷರ ಮಾತು ನಿಜವಿದ್ದರೆ, ಅದು ಕೇಂದ್ರದ ಫಾಲೋ-ಅಪ್ ಸರಿಯಿಲ್ಲವೆಂಬುದಕ್ಕೆ ಸಾಕ್ಷಿ. ಕರಪತ್ರಕ್ಕಿಂತ ಮೊದಲು ಆಗಬೇಕಾದ ಕೆಲಸ ಅಲ್ಲಿದೆ.

ಹಿಂದೆ ನಾನು ಕೆಲಸ ಮಾಡುತ್ತಿದ್ದ ಒಂದು ಕೇಂದ್ರದ ಗೇಟಿನ ಪಕ್ಕ ದೊಡ್ಡ ಫ್ಲೆಕ್ಸ್ ಹಾಕಿದ್ದರು. ಅದರಲ್ಲಿದ್ದವರು ನಾನೇ ಆಪ್ತಸಮಾಲೋಚನೆ ಮಾಡಿದ ಲಾರಿ ಚಾಲಕರು: ಬಿಳಿ ಶರ್ಟು, ಹಣೆಯಲ್ಲಿ ವಿಭೂತಿ, ಪಕ್ಕದಲ್ಲಿ ಹೆಂಡತಿ. ಏಳು ತಿಂಗಳ ನಂತರ ಅವರು ಮತ್ತೆ ಕುಡಿಯಲು ಆರಂಭಿಸಿದರು. ಈ ಕಾಯಿಲೆಯಲ್ಲಿ ಅದು ಅಪರೂಪವೇನಲ್ಲ. ರಕ್ತದೊತ್ತಡ, ಆಸ್ತಮಾ ಮತ್ತೆ ಕೆರಳುವಂತೆ ಇದೂ ಮರುಕಳಿಸುತ್ತದೆಂದು ನಾವೇ ಮನೆಯವರಿಗೆ ಪಾಠ ಹೇಳುತ್ತೇವೆ. ಆದರೆ ಅವರು ನಮ್ಮಲ್ಲಿಗೆ ಮರಳಿ ಬರಲಿಲ್ಲ. ಬಹಳ ದಿನಗಳ ಮೇಲೆ ಜಿಲ್ಲಾ ಆಸ್ಪತ್ರೆಯ ವಾರ್ಡಿನಲ್ಲಿ ಸಿಕ್ಕಾಗ, "ನನ್ನ ಮುಖದ ಕೆಳಗೇ ಹಾದು ಒಳಗೆ ಬರಬೇಕಿತ್ತಲ್ಲ ಸಾರ್" ಎಂದರು. ಎರಡು ಸಲ ಗೇಟಿನವರೆಗೂ ಬಂದು ಹಿಂದಿರುಗಿದ್ದರಂತೆ. ಫ್ಲೆಕ್ಸ್ ಹಾಕಿಸಿದ ತಂಡದಲ್ಲಿ ನಾನೂ ಇದ್ದೆ.

ಯಾರು ಕೇಳಬೇಕೆಂಬುದಕ್ಕೆ ಉತ್ತರ ನಿಮ್ಮ ಬರಹದಲ್ಲೇ ಇದೆ. ಮಾತ್ರೆ ಕೊಡುವವರು, ಮನೆಗೆ ಫೋನ್ ಮಾಡಲು ಅನುಮತಿ ಕೊಡುವವರು, ಬಿಡುಗಡೆಯ ಚೀಟಿ ಬರೆಯುವವರು ಕೇಳಿದರೆ ಇಲ್ಲವೆನ್ನುವ ಧೈರ್ಯ ಯಾರಿಗೂ ಬರುವುದಿಲ್ಲ. ಚಿಕಿತ್ಸೆಯಲ್ಲಿ ಪಾತ್ರವಿಲ್ಲದ, ಸಾಧ್ಯವಾದರೆ ಕೇಂದ್ರದ ಸಂಬಳವನ್ನೇ ಪಡೆಯದ ಒಬ್ಬರು ಕೇಳಲಿ. ಕೇಳಿದ ದಿನವೇ ಸಹಿ ಹಾಕಿಸಿಕೊಳ್ಳದೆ ಒಂದು ವಾರ ಬಿಡಿ. ಬರೆದದ್ದನ್ನೋ ರೆಕಾರ್ಡ್ ಮಾಡಿದ್ದನ್ನೋ ಅವರಿಗೆ ಪೂರ್ತಿ ತೋರಿಸಿ, ಮತ್ತೊಮ್ಮೆ ಒಪ್ಪಿಗೆ ಕೇಳಿ. ಇಂತಿಷ್ಟು ಕಾಲಕ್ಕೆ, ಉದಾಹರಣೆಗೆ ಒಂದು ವರ್ಷಕ್ಕೆ, ಮಾತ್ರ ಬಳಸುತ್ತೇವೆಂದು ಬರೆದುಕೊಡಿ.

ಏನು ಕೇಳಬೇಕೆಂದರೆ, "ಕೇಂದ್ರದ ಬಗ್ಗೆ ಎರಡು ಮಾತು" ಎಂದಂತೂ ಕೇಳಬೇಡಿ. ಹಾಗೆ ಕೇಳಿದರೆ ಸಿಗುವುದು ಗೋಡೆಯ ಮೇಲಿನ ಫಲಕವೇ. ಬಂದ ಮೊದಲ ರಾತ್ರಿ ಹೇಗೆ ಕಳೆಯಿತು, ಯಾವ ದಿನ ಓಡಿಹೋಗಬೇಕೆನಿಸಿತು, ನಮ್ಮಲ್ಲಿ ಯಾವುದು ಸರಿ ಬರಲಿಲ್ಲ, ಮನೆಗೆ ಹೋದ ಮೇಲೆ ಸಂಜೆ ಆರರಿಂದ ಎಂಟರವರೆಗಿನ ಹೊತ್ತನ್ನು ಏನು ಮಾಡಿದಿರಿ ಎಂದು ಕೇಳಿ. ಎಷ್ಟು ಕುಡಿಯುತ್ತಿದ್ದರು, ಹೇಗೆ ಬಿದ್ದಿದ್ದರು ಎಂಬ ವರ್ಣನೆ ಬೇಡ. ನೋಡುವವರಿಗೆ ಅದು ತಮಾಷೆಯಾಗುತ್ತದೆ, ಬಿಟ್ಟವರಿಗೆ ಹಳೆಯ ಆಸೆಯನ್ನು ಕೆದಕುತ್ತದೆ.

ಉತ್ತರ 2: ವಕೀಲೆ, ಧಾರವಾಡ

ಕಾನೂನಿನ ಮಟ್ಟಿಗೆ ಚುಟುಕಾಗಿ ಹೇಳುತ್ತೇನೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ಮದ್ಯ ಮತ್ತು ಮಾದಕ ವಸ್ತುಗಳ ದುರ್ಬಳಕೆಗೆ ಸಂಬಂಧಿಸಿದ ಮಾನಸಿಕ ಸ್ಥಿತಿಗಳನ್ನೂ ಮಾನಸಿಕ ಅಸ್ವಸ್ಥತೆಯ ವ್ಯಾಖ್ಯೆಯೊಳಗೆ ಸೇರಿಸಿದೆ. ಆ ಕಾಯ್ದೆಯ 23ನೆಯ ಕಲಮು ರೋಗಿಗೆ ಗೋಪ್ಯತೆಯ ಹಕ್ಕನ್ನು ನೀಡುತ್ತದೆ; 24ನೆಯ ಕಲಮು, ಚಿಕಿತ್ಸೆಯಲ್ಲಿರುವವರ ಫೋಟೊ ಅಥವಾ ಬೇರಾವುದೇ ಮಾಹಿತಿಯನ್ನು ಅವರ ಒಪ್ಪಿಗೆಯಿಲ್ಲದೆ ಮಾಧ್ಯಮಕ್ಕೆ ಬಿಡುಗಡೆ ಮಾಡುವುದನ್ನು ನಿಷೇಧಿಸುತ್ತದೆ. ಡಿಜಿಟಲ್ ರೂಪದಲ್ಲಿರುವ ಮಾಹಿತಿಗೂ ಗೋಪ್ಯತೆಯ ಹಕ್ಕು ಅನ್ವಯಿಸುತ್ತದೆಂದು ಅದೇ ಕಲಮು ಸ್ಪಷ್ಟಪಡಿಸಿದೆ. ಒಪ್ಪಿಗೆ ಕೊಡಬೇಕಾದವರು ರೋಗಿಯೇ ಹೊರತು, ಅವರನ್ನು ಕರೆತಂದು ದಾಖಲಿಸಿದ ಅಣ್ಣನೋ ಹೆಂಡತಿಯೋ ಅಲ್ಲ. ದಾಖಲಾತಿ ಅರ್ಜಿಯ ಕೊನೆಯಲ್ಲಿ ಸಣ್ಣಕ್ಷರದಲ್ಲಿ "ಪ್ರಚಾರಕ್ಕೆ ನನ್ನ ಅಭ್ಯಂತರವಿಲ್ಲ" ಎಂದು ಸೇರಿಸುವ ಅಭ್ಯಾಸವನ್ನು ಕಂಡಿದ್ದೇನೆ. ಕೈ ನಡುಗುತ್ತಿರುವಾಗ ಹಾಕಿದ ಸಹಿಯನ್ನು ನಂಬಿ ಕೂರಬೇಡಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಂತೂ, ಒಪ್ಪಿಗೆ ಕೊಡುವುದು ಎಷ್ಟು ಸುಲಭವೋ ಅದನ್ನು ಹಿಂಪಡೆಯುವುದೂ ಅಷ್ಟೇ ಸುಲಭವಾಗಿರಬೇಕೆನ್ನುತ್ತದೆ. ಕರಪತ್ರವನ್ನು ಹಿಂಪಡೆಯಬಹುದು, ವಾಟ್ಸ್‌ಆ್ಯಪ್‌ನಲ್ಲಿ ಹೋದ ವಿಡಿಯೊವನ್ನು ಹೇಗೆ ಹಿಂಪಡೆಯುತ್ತೀರಿ ಎಂಬುದನ್ನು ಟ್ರಸ್ಟಿನವರು ಯೋಚಿಸಲಿ.

ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2022ರಲ್ಲಿ ಹೊರಡಿಸಿದ ಜಾಹೀರಾತು ಮಾರ್ಗಸೂಚಿಯ ಪ್ರಕಾರ, ಜಾಹೀರಾತಿನಲ್ಲಿ ಸೇವೆಯೊಂದನ್ನು ಮೆಚ್ಚಿ ಆಡುವ ಮಾತು ಆಡಿದವರ ಪ್ರಾಮಾಣಿಕ ಮತ್ತು ಸದ್ಯದ ಅಭಿಪ್ರಾಯವಾಗಿರಬೇಕು. ಮತ್ತೆ ಕುಡಿಯುತ್ತಿರುವವರ ಹಳೆಯ ಮಾತನ್ನು ಈಗಿನದೆಂದು ತೋರಿಸುವಂತಿಲ್ಲ. ಅನುಭವ ಬರೆದುಕೊಟ್ಟವರಿಗೆ ಶುಲ್ಕದಲ್ಲಿ ರಿಯಾಯಿತಿ ಕೊಟ್ಟಿದ್ದರೆ ಅದನ್ನು ಜಾಹೀರಾತಿನಲ್ಲೇ ತಿಳಿಸಬೇಕು. ನನ್ನನ್ನು ಕೇಳಿದರೆ, ರಿಯಾಯಿತಿ ಕೊಡುವ ಕೆಲಸವನ್ನೇ ಮಾಡಬೇಡಿ.

ಗಾಂಜಾ ಹುಡುಗರ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಮಾದಕ ವಸ್ತುಗಳ ತಡೆಗಿರುವ 1985ರ ಎನ್‌ಡಿಪಿಎಸ್ ಕಾಯ್ದೆಯ 27ನೆಯ ಕಲಮಿನಡಿ ಸೇವನೆಯೂ ಅಪರಾಧವೇ. ಸ್ವಇಚ್ಛೆಯಿಂದ ಚಿಕಿತ್ಸೆಗೆ ಬಂದವರಿಗೆ 64ಎ ಕಲಮಿನಲ್ಲಿ ರಕ್ಷಣೆ ಇದೆ ಎಂಬುದು ಸರಿ, ಆದರೆ ಕ್ಯಾಮೆರಾ ಮುಂದೆ ಕುಳಿತ ಹುಡುಗ ಉತ್ಸಾಹದಲ್ಲಿ "ಯಾರಿಂದ ತರುತ್ತಿದ್ದೆ, ಯಾರಿಗೆ ಕೊಡುತ್ತಿದ್ದೆ" ಎಂದು ಹೇಳತೊಡಗಿದರೆ ಆ ರಕ್ಷಣೆ ಅಲ್ಲಿಯವರೆಗೆ ಚಾಚುವುದಿಲ್ಲ. ಹದಿನೆಂಟು ತುಂಬದವರ ಸುದ್ದಿಗೇ ಹೋಗಬೇಡಿ.

ಉತ್ತರ 3: ಎ.ಎ. ಸದಸ್ಯ, ಮೈಸೂರು, ಹದಿನಾಲ್ಕು ವರ್ಷಗಳಿಂದ ಕುಡಿದಿಲ್ಲ

ತಂಗಿ, ನಾನು ಪ್ರತಿ ವಾರ ನನ್ನ ಕುಡಿತದ ಕಥೆ ಹೇಳುವವನು, ಆದರೆ ಹೆಸರು ಹಾಕಿ ಹೇಳುವವನಲ್ಲ. ಎ.ಎ., ಅಂದರೆ ಕುಡಿತ ಬಿಡಲು ಒಬ್ಬರಿಗೊಬ್ಬರು ನೆರವಾಗುವವರ ಕೂಟವಾದ ಆಲ್ಕೊಹಾಲಿಕ್ಸ್ ಅನಾನಿಮಸ್, 1935ರಲ್ಲಿ ಅಮೆರಿಕದ ಅಕ್ರಾನ್‌ನಲ್ಲಿ ಹುಟ್ಟಿದ್ದೇ ಒಬ್ಬ ಕುಡುಕ ಇನ್ನೊಬ್ಬ ಕುಡುಕನ ಎದುರು ಕುಳಿತು ತನ್ನ ಕಥೆ ಹೇಳಿದ್ದರಿಂದ. ಹೀಗಿದ್ದರೂ ಸಂಪ್ರದಾಯಗಳೆಂದು ನಾವು ಕರೆಯುವ ನಮ್ಮ ನಿಯಮಗಳಲ್ಲಿ ಹನ್ನೊಂದನೆಯದು, ಜನ ತಾವಾಗಿ ಆಕರ್ಷಿತರಾಗಿ ಬರಬೇಕೇ ಹೊರತು ಪ್ರಚಾರದಿಂದಲ್ಲ, ಪತ್ರಿಕೆ, ರೇಡಿಯೊ, ಸಿನಿಮಾಗಳ ಮಟ್ಟದಲ್ಲಿ ಸದಸ್ಯರ ಹೆಸರು ಹೊರಬರಬಾರದು ಎನ್ನುತ್ತದೆ. ಯಾವುದೇ ಆಸ್ಪತ್ರೆಗಾಗಲೀ ಕೇಂದ್ರಕ್ಕಾಗಲೀ ಎ.ಎ. ಹೆಸರಿನಲ್ಲಿ ಶಿಫಾರಸು ಕೊಡುವಂತಿಲ್ಲವೆಂದು ಆರನೆಯ ಸಂಪ್ರದಾಯ ಹೇಳುತ್ತದೆ. ಆದ್ದರಿಂದ ನಿಮ್ಮ ಕರಪತ್ರದಲ್ಲಿ ಯಾರಾದರೂ ತಮ್ಮನ್ನು ಎ.ಎ. ಸದಸ್ಯರೆಂದು ಕರೆದುಕೊಂಡಿದ್ದರೆ ಆ ಮಾತನ್ನು ದಯಮಾಡಿ ತೆಗೆದುಬಿಡಿ.

ಮುಚ್ಚಿಡುವುದೊಂದೇ ದಾರಿ ಎಂದೂ ನಾನು ಹೇಳುವುದಿಲ್ಲ. ಧರ್ಮಸ್ಥಳದ ಜನಜಾಗೃತಿ ವೇದಿಕೆಯವರು ಊರೂರುಗಳಲ್ಲಿ ನಡೆಸುವ ಮದ್ಯವರ್ಜನ ಶಿಬಿರಗಳನ್ನು ನೀವೂ ನೋಡಿರುತ್ತೀರಿ. ಅಲ್ಲಿ ಇಡೀ ಊರಿಗೆ ಊರೇ ಸೇರುತ್ತದೆ, ಮನೆಯವರು ಬರುತ್ತಾರೆ, ಬಿಟ್ಟವರು ನವಜೀವನ ಸದಸ್ಯರೆಂದು ಗುರುತಿಸಿಕೊಂಡು ಮುಂದಿನ ಶಿಬಿರಗಳಲ್ಲಿ ಎದ್ದುನಿಂತು ಮಾತನಾಡುತ್ತಾರೆ. ಅಲ್ಲಿ ಕೇಳುವವರು ಎದುರಿಗೇ ಇರುತ್ತಾರೆ, ಮಾತನಾಡಿದವನು ನಾಳೆ ಎಡವಿದರೆ ಮನೆಗೆ ಬಂದು ಎಬ್ಬಿಸಲು ನವಜೀವನ ಸಮಿತಿಯವರಿರುತ್ತಾರೆ. ವಾಟ್ಸ್‌ಆ್ಯಪ್ ವಿಡಿಯೊ ನೋಡಿದವರು ಯಾರು ಬಂದು ಎಬ್ಬಿಸುತ್ತಾರೆ?

ನನ್ನ ವಿಷಯ ಕೇಳಿ. ನನ್ನನ್ನು ಕೇಂದ್ರಕ್ಕೆ ಸೇರಿಸಿದ ದಿನ ತಮ್ಮ ಮತ್ತು ಭಾವಮೈದ ಎರಡೂ ರಟ್ಟೆ ಹಿಡಿದು ಆಟೊದಿಂದ ಇಳಿಸಿದರು. ಒಳಗೆ ಟೀ ಕೊಟ್ಟರು. ಕೈ ನಡುಗಿ ಅರ್ಧ ಅಂಗಿಯ ಮೇಲೆ ಚೆಲ್ಲಿತು. ಅಲ್ಲಿ ಕಸ ಗುಡಿಸುತ್ತಿದ್ದವರೊಬ್ಬರು ಪೊರಕೆ ಗೋಡೆಗೆ ಒರಗಿಸಿ, ಲೋಟವನ್ನು ತಾವು ಹಿಡಿದು ಕುಡಿಸಿ, "ನನಗೆ ಐದನೇ ದಿನಕ್ಕೆ ಲೋಟ ಕೈಯಲ್ಲಿ ನಿಂತಿತು, ನಿಮಗೆ ಇನ್ನೂ ಬೇಗ ನಿಲ್ಲಬಹುದು" ಎಂದರು. ಅವರೂ ಅದೇ ಕೇಂದ್ರದಲ್ಲಿ ಬಿಟ್ಟವರೆಂದು ಆಮೇಲೆ ತಿಳಿಯಿತು. ಬಾಗಿಲ ಬಳಿ ನೂರು ಕರಪತ್ರ ಇದ್ದವು, ಒಂದನ್ನೂ ನಾನು ಓದಲಿಲ್ಲ. ಐದನೆಯ ದಿನಕ್ಕಾಗಿ ಮಾತ್ರ ಎಣಿಸುತ್ತಾ ಕುಳಿತೆ. ನಿಮ್ಮಲ್ಲಿ ಬಿಟ್ಟು ಎರಡು ಮೂರು ವರ್ಷವಾದವರು ಇದ್ದರೆ, ಭಾನುವಾರ ಮಧ್ಯಾಹ್ನ ಹೊಸಬರ ಮನೆಯವರು ನೋಡಲು ಬರುವ ಹೊತ್ತಿಗೆ ಅವರನ್ನು ಕರೆಸಿ ಕೂರಿಸಿ. ಬಸ್ ಚಾರ್ಜು ಕೊಡಿ, ಊಟ ಹಾಕಿ, ಹಾರ ಹಾಕಬೇಡಿ.

ಉತ್ತರ 4: ಗೃಹಿಣಿ, ಶಿವಮೊಗ್ಗ ಜಿಲ್ಲೆ

ನಮ್ಮ ಯಜಮಾನರು ಬಿಟ್ಟು ಆರು ವರ್ಷವಾಯಿತು, ದೇವರ ದಯದಿಂದ ಇಂದಿಗೂ ಚೆನ್ನಾಗಿದ್ದಾರೆ. ಅವರು ಹೋಗಿದ್ದ ಕೇಂದ್ರದವರು ವಿಡಿಯೊ ಮಾಡಿದ್ದರು. ಅವರ ಒಪ್ಪಿಗೆ ಇತ್ತು, ಸಹಿಯೂ ಇತ್ತು, ಬಿಟ್ಟು ವರ್ಷವೂ ಕಳೆದಿತ್ತು. ಆ ವಿಡಿಯೊದಲ್ಲಿ ಅವರು, ಕುಡಿದು ಬಂದು ನನಗೆ ಹೊಡೆಯುತ್ತಿದ್ದುದನ್ನೂ, ಮಗಳ ಕಾಲೇಜು ಫೀಸಿನ ಹಣವನ್ನು ಬಾರಿಗೆ ಕೊಟ್ಟದ್ದನ್ನೂ ಅಳುತ್ತಾ ಹೇಳಿದರು. ಹೇಳಿದ್ದೆಲ್ಲ ನಿಜ. ಆದರೆ ಅದು ನನ್ನ ಮತ್ತು ನನ್ನ ಮಗಳ ವಿಷಯವೂ ಆಗಿತ್ತಲ್ಲವೇ? ನಮ್ಮನ್ನು ಯಾರೂ ಕೇಳಲಿಲ್ಲ. ಪಿಯುಸಿ ಓದುತ್ತಿದ್ದ ಮಗಳಿಗೆ ಅದನ್ನು ಅವಳ ತರಗತಿಯವರೇ ಫಾರ್ವರ್ಡ್ ಮಾಡಿ ಕಳಿಸಿದರು. ಕೇಂದ್ರದವರನ್ನು ಕೇಳಿದಾಗ ತಮ್ಮ ಪುಟದಿಂದ ತೆಗೆದರು, ಅಷ್ಟರಲ್ಲಿ ನಮ್ಮ ನೆಂಟರ ಗುಂಪಿನಲ್ಲೆಲ್ಲ ಓಡಾಡಿಯಾಗಿತ್ತು.

ಮೇಡಂ, ಗಂಡಸರ ಒಪ್ಪಿಗೆ ಪತ್ರದ ಜೊತೆಗೆ, ಅವರ ಮಾತಿನಲ್ಲಿ ಬರುವ ಹೆಂಗಸರಿಗೂ ಒಮ್ಮೆ ಓದಿ ಹೇಳಿ. ನನ್ನನ್ನು ಕರೆದಿದ್ದರೆ ನಾನೇ ಮಾತನಾಡುತ್ತಿದ್ದೆ, ಮುಖ ತೋರಿಸದೆ, ಹೆಂಗಸರಿಗೆ ಮಾತ್ರ. ಬಿಡಿಸುವ ಮೊದಲು ಎಷ್ಟು ಹಣ ಹೊಂದಿಸಬೇಕಾಯಿತು, ಆ ದಿನಗಳಲ್ಲಿ ಅಂಗಡಿ ಯಾರು ನೋಡಿಕೊಂಡರು, ಅತ್ತೆಗೆ ಏನು ಹೇಳಿ ಒಪ್ಪಿಸಿದೆ ಎಂದು ಹೇಳುತ್ತಿದ್ದೆ. ನಾನು ಸೇರಿಸಲು ಹೊರಟಾಗ ಇವನ್ನೆಲ್ಲ ತಿಳಿಸುವವರು ಒಬ್ಬರೂ ಇರಲಿಲ್ಲ.

ಪ್ರಶ್ನೆ ಕೇಳಿದವರು ಮತ್ತೆ ಬರೆದದ್ದು

ಎಲ್ಲರಿಗೂ ಕೃತಜ್ಞತೆಗಳು. ನಿಮ್ಮ ಉತ್ತರಗಳನ್ನು ಮುದ್ರಿಸಿ ಕಳೆದ ಶನಿವಾರದ ಟ್ರಸ್ಟ್ ಸಭೆಯಲ್ಲಿ ಓದಿದೆ. ಲಾರಿ ಚಾಲಕರ ಪ್ರಸಂಗ ಬಂದಾಗ ಅಧ್ಯಕ್ಷರು ಸುಮ್ಮನಾದರು, ಆದರೆ ಪೂರ್ತಿ ಒಪ್ಪಿದರೆಂದು ಹೇಳಲಾರೆ. "ಪಕ್ಕದ ತಾಲ್ಲೂಕಿನವರು ಮಾಡುತ್ತಿದ್ದಾರಲ್ಲ" ಎಂದು ಎರಡು ಸಲ ಹೇಳಿದರು. ಸದ್ಯಕ್ಕೆ ವಿಡಿಯೊ ಕೈಬಿಟ್ಟಿದ್ದೇವೆ. ಕರಪತ್ರದಲ್ಲಿ ಮೊದಲ ವಾರ ಏನೇನು ನಡೆಯುತ್ತದೆ, ವೈದ್ಯರು ಯಾವ ದಿನ ಬರುತ್ತಾರೆ, ಒಟ್ಟು ಖರ್ಚೆಷ್ಟು, ಮತ್ತೆ ಕುಡಿದರೆ ಬೈಗುಳವಿಲ್ಲದೆ ಸೇರಿಸಿಕೊಳ್ಳುತ್ತೇವೆ ಎಂಬ ಸಾಲುಗಳಿರುತ್ತವೆ. ಕೆಳಗೆ ರಾಷ್ಟ್ರೀಯ ವ್ಯಸನಮುಕ್ತಿ ಸಹಾಯವಾಣಿ 14446 ಮತ್ತು ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ-ಮಾನಸ್ 14416 ಸಂಖ್ಯೆಗಳನ್ನು ಹಾಕುತ್ತೇವೆ. ಶಿವಮೊಗ್ಗದ ಅಕ್ಕ ಬರೆದಿರುವ ಪ್ರಶ್ನೆಗಳನ್ನೇ ಇಟ್ಟುಕೊಂಡು ಮನೆಯವರಿಗೆಂದು ಬೇರೆಯದೇ ಒಂದು ಪುಟ ಬರೆಯುತ್ತಿದ್ದೇನೆ. ಭಾನುವಾರಕ್ಕೆ ಇಬ್ಬರು ಹಳಬರು ಬರಲು ಒಪ್ಪಿದ್ದಾರೆ; ಅವರಲ್ಲೊಬ್ಬರು ಬಡಗಿ, ಬರುವಾಗ ನಮ್ಮ ಮುರಿದ ಬೆಂಚನ್ನೂ ಸರಿಮಾಡಿಕೊಡುತ್ತೇನೆಂದಿದ್ದಾರೆ.

ಇನ್ನೊಂದು ಸಂದೇಹ ಉಳಿದಿದೆ. ಡ್ರಾಯರಿನಲ್ಲಿರುವ ಆ ಹಾಳೆಯನ್ನು ಅವರ ಕೇಸ್ ಫೈಲಿಗೆ ಸೇರಿಸಬೇಕೇ, ಹರಿದು ಹಾಕಬೇಕೇ?

ಉತ್ತರ 5: ವಕೀಲೆ, ಧಾರವಾಡ

ಎರಡೂ ಬೇಡ. ಅದು ಚಿಕಿತ್ಸೆಯ ದಾಖಲೆಯಲ್ಲ, ಆದ್ದರಿಂದ ಕೇಸ್ ಫೈಲಿಗೆ ಸೇರುವುದಿಲ್ಲ. ಮುಂದಿನ ಫಾಲೋ-ಅಪ್ಪಿಗೆ ಬಂದಾಗ ಬಳಸಿಲ್ಲವೆಂದು ಹೇಳಿ ಅವರ ಕೈಗೇ ಕೊಟ್ಟುಬಿಡಿ. ಮೊಬೈಲಿನಲ್ಲಿ ಅದರ ಫೋಟೊ ತೆಗೆದಿದ್ದರೆ, ಅವರೆದುರಿಗೇ ಅಳಿಸಿ.