ಪದಚರ್ಚೆ: ಟಿಸಿಪಿಯ ‘ಆಕ್’ ಅಂದ್ರೆ ಸ್ವೀಕೃತಿನಾ, ಹೂಂಗುಟ್ಟೋದಾ?

ಎಲ್ರಿಗೂ ನಮಸ್ಕಾರ,

ಇಂಜಿನಿಯರಿಂಗ್ ಹುಡುಗ್ರಿಗೆ ಕಂಪ್ಯೂಟರ್ ನೆಟ್‌ವರ್ಕ್ಸ್ ಪಾಠ ಮಾಡ್ತೀನಿ. ಟ್ರಾನ್ಸ್‌ಪೋರ್ಟ್ ಲೇಯರ್ (ಡೇಟಾ ಸಾಗಿಸೋ ಹಂತ) ಮತ್ತೆ ಅಪ್ಲಿಕೇಶನ್ ಲೇಯರ್ (ಮೇಲ್, ವೆಬ್ ಥರದವು ಇರೋ ಹಂತ) ಭಾಗಕ್ಕೆ ಕನ್ನಡದಲ್ಲಿ ಸಣ್ಣದೊಂದು ನೋಟ್ಸ್ ಬರೀತಿದೀನಿ, ಯಾಕಂದ್ರೆ ಕನ್ನಡ ಮೀಡಿಯಂನಲ್ಲಿ ಓದಿ, ಡಿಪ್ಲೊಮಾ ಮುಗಿಸಿ ಲ್ಯಾಟರಲ್ ಎಂಟ್ರಿಲಿ ಬಂದವರು ಇಂಗ್ಲಿಷ್ ಡೆಫಿನಿಷನ್ ಪಟಪಟ ಒಪ್ಪಿಸ್ತಾರೆ, ‘ಹಾಗಂದ್ರೆ ಏನಪ್ಪಾ’ ಅಂದ ತಕ್ಷಣ ತಲೆ ತಗ್ಗಿಸ್ತಾರೆ. ಪ್ಯಾಕೆಟ್, ಪೋರ್ಟ್, ಸಾಕೆಟ್, ಪ್ರೋಟೋಕಾಲ್ ಇವನ್ನೆಲ್ಲ ಹಾಗೇ ಬಿಟ್ಟಿದೀನಿ, ಅವಕ್ಕೆ ಕನ್ನಡ ಹುಡುಕೋ ಹಟ ನಂಗಿಲ್ಲ (ಪ್ರೋಟೋಕಾಲ್‌ಗೆ ಶಿಷ್ಟಾಚಾರ ಅಂತ ಬರೆದ್ರೆ ಮಂತ್ರಿಗಳ ಕಾರು, ಹಾರ ತುರಾಯಿ ಕಣ್ಮುಂದೆ ಬರುತ್ತೆ). ಸಿಕ್ಕಾಕ್ಕೊಂಡಿರೋದು ಒಂದೇ ಕಡೆ, ಅಕ್ನಾಲೆಜ್‌ಮೆಂಟ್, ಲ್ಯಾಬಲ್ಲಿ ನಾವೆಲ್ಲ ಬರೀ ‘ಆಕ್’ ಅಂತೀವಲ್ಲ, ಅದು. ಎರಡು ಕಂಪ್ಯೂಟರ್ ನಡುವೆ ಡೇಟಾ ಕಳೆದುಹೋಗದ ಹಾಗೆ ಸಾಗಿಸೋ ಟಿಸಿಪಿ ಅನ್ನೋ ಪ್ರೋಟೋಕಾಲ್‌ನಲ್ಲಿ ‘ನೀನು ಕಳಿಸಿದ್ದು ಬಂತು’ ಅಂತ ಆ ಕಡೆಯಿಂದ ಬರೋ ಉತ್ತರ.

ಕೈಗೆ ಮೊದಲು ಸಿಗೋದು ಸ್ವೀಕೃತಿ. ಕಚೇರಿಲಿ ಅರ್ಜಿ ಕೊಟ್ರೆ ಸೀಲ್ ಒತ್ತಿ ವಾಪಸ್ ಕೊಡ್ತಾರಲ್ಲ, ಅದು ಸ್ವೀಕೃತಿ, ಅಷ್ಟರ ಮಟ್ಟಿಗೆ ಸರಿ. ಆದ್ರೆ ಸ್ವೀಕರಿಸು ಅನ್ನೋದಕ್ಕೆ ಪಡ್ಕೊಳ್ಳೋದು, ಒಪ್ಕೊಳ್ಳೋದು ಎರಡೂ ಅರ್ಥ ಇದೆ, ಹಿಂದೀಲಂತೂ ಇದೇ ಪದ ಮಂಜೂರಾತಿ ಅನ್ನೋ ಅರ್ಥಕ್ಕೇ ನಿಂತುಬಿಟ್ಟಿದೆ. ಇದೇನು ಕೂದಲು ಸೀಳೋದು ಅಂತ ಅನ್ನಿಸ್ಬಹುದು, ಆದ್ರೆ ಟಿಸಿಪಿಲಿ ಮುಖ್ಯ ಪಾಠ ಇರೋದೇ ಇಲ್ಲಿ. ಟಿಸಿಪಿಯನ್ನ ವಿವರಿಸಿದ 1981ರ ಆರ್‌ಎಫ್‌ಸಿ 793ರಲ್ಲೇ (ಇಂಟರ್‌ನೆಟ್ ನಿಯಮಗಳ ದಾಖಲೆಗೆ ಆರ್‌ಎಫ್‌ಸಿ ಅಂತಾರೆ) ಬಿಡಿಸಿ ಹೇಳಿದಾರೆ, ಆಕ್ ಬಂತು ಅಂದ್ರೆ ಡೇಟಾ ಆ ಕಡೆ ಬಳಕೆದಾರನಿಗೆ ತಲುಪಿತು ಅಂತ ಖಾತ್ರಿ ಅಲ್ಲ, ತಲುಪಿಸೋ ಹೊಣೆಯನ್ನ ಆ ಕಡೆಯ ಟಿಸಿಪಿ ತಗೊಂಡಿದೆ ಅಂತ ಮಾತ್ರ. ಲ್ಯಾಬಲ್ಲಿ ಇದನ್ನ ತೋರ್ಸೋದು ಸುಲಭ. ಸರ್ವರ್ ಪ್ರೋಗ್ರಾಂನ ಕಂಟ್ರೋಲ್ ಝಡ್ ಒತ್ತಿ ನಿಲ್ಲಿಸಿಬಿಡಿ, ಕ್ಲೈಂಟಿಂದ ಡೇಟಾ ಕಳಿಸ್ತಾ ಇರಿ, ವೈರ್‌ಶಾರ್ಕ್ (ನೆಟ್‌ವರ್ಕಲ್ಲಿ ಹೋಗಿಬರೋದನ್ನ ತೋರ್ಸೋ ಸಾಫ್ಟ್‌ವೇರ್) ತೆರೆದು ನೋಡಿದ್ರೆ ಆಕ್‌ಗಳು ಏನೂ ಆಗಿಲ್ಲ ಅನ್ನೋ ಹಾಗೆ ಬರ್ತಾನೇ ಇರ್ತವೆ! ಪ್ರೋಗ್ರಾಂ ಒಂದಕ್ಷರ ಓದಿಲ್ಲ, ಆಕ್ ಕೊಡ್ತಿರೋದು ಒಳಗಿನ ಕರ್ನಲ್, ಅಂದ್ರೆ ಆಪರೇಟಿಂಗ್ ಸಿಸ್ಟಮ್‌ನ ತಿರುಳು. ರಿಸೀವ್ ಬಫರ್ (ಬಂದ ಡೇಟಾ ಕೂಡಿಡೋ ಜಾಗ) ತುಂಬಿದ ಮೇಲಷ್ಟೇ ವಿಂಡೋ (ಇನ್ನೆಷ್ಟು ಕಳಿಸ್ಬಹುದು ಅನ್ನೋ ಮಿತಿ) ಸೊನ್ನೆಗಿಳಿದು ಕಳಿಸೋದು ನಿಲ್ಲುತ್ತೆ.

ಅದೇ ಅಪ್ಲಿಕೇಶನ್ ಲೇಯರ್‌ಗೆ ಬನ್ನಿ, ಬೇರೆ ಲೆಕ್ಕ. ಇಮೇಲ್ ಸಾಗಿಸೋ ಎಸ್‌ಎಂಟಿಪಿಲಿ ಪತ್ರ ಪೂರ್ತಿ ಕಳಿಸಿ, ಕೊನೇಲಿ ಒಂದು ಸಾಲಲ್ಲಿ ಬರೀ ಚುಕ್ಕಿ ಇಟ್ಟ ಮೇಲೆ ಸರ್ವರ್ 250 ಅಂತ ಉತ್ತರ ಕೊಟ್ರೆ, ಈ ಪತ್ರ ಇನ್ಮುಂದೆ ನನ್ನ ಜವಾಬ್ದಾರಿ, ಒಂದೋ ತಲುಪಿಸ್ತೀನಿ ಇಲ್ಲಾ ಆಗಲಿಲ್ಲ ಅಂತ ತಿಳಿಸ್ತೀನಿ ಅಂತ ಅರ್ಥ. ಇದಕ್ಕೆ ಸ್ವೀಕೃತಿ ಅನ್ನೋದು ಚೆನ್ನಾಗಿ ಕೂರುತ್ತೆ. ವೆಬ್ ಪುಟ ತರೋ ಎಚ್‌ಟಿಟಿಪಿಯ 202 ಇನ್ನೂ ಮಜಾ ಇದೆ, ‘ನಿಮ್ಮ ಕೋರಿಕೆ ತಗೊಂಡಿದೀವಿ, ಕೆಲಸ ಇನ್ನೂ ಮುಗಿದಿಲ್ಲ’ ಅನ್ನೋ ಉತ್ತರ ಅದು, ಅಪ್ಪಟ ಸರ್ಕಾರಿ ಸ್ವೀಕೃತಿ. ಹಾಗಾಗಿ ಟಿಸಿಪಿ ಆಕ್‌ಗೂ ಇದಕ್ಕೂ ಒಂದೇ ಪದ ಬಳಸಿದ್ರೆ ಪರೀಕ್ಷೇಲಿ ‘ಟಿಸಿಪಿ ಆಕ್ ಬಂದಿದೆ, ಆದ್ದರಿಂದ ಮೇಲ್ ತಲುಪಿದೆ’ ಅಂತ ಬರೀತಾರೆ, ಈಗ್ಲೂ ಬರೀತಿದಾರೆ.

ನಂಗೆ ಹೊಳೆದಿದ್ದು ಹೂಂಗುಟ್ಟು. ಅಜ್ಜಿ ಕತೆ ಹೇಳೋವಾಗ ನಡುನಡುವೆ ಹೂಂ, ಹೂಂ ಅಂತಿರಬೇಕು, ಹೂಂ ನಿಂತ್ರೆ ಕತೆನೂ ನಿಲ್ಲುತ್ತೆ, ಸ್ವಲ್ಪ ಹೊತ್ತು ನೋಡಿ ಅದೇ ಮಾತನ್ನ ಮತ್ತೊಂದ್ಸಲ ಹೇಳ್ತಾರೆ. ಟೈಮರ್, ರಿಟ್ರಾನ್ಸ್‌ಮಿಷನ್ ಎರಡೂ ಇದರಲ್ಲೇ ಬಂದುಬಿಟ್ವು. ನಿದ್ದೆಗಣ್ಣಲ್ಲಿ ಹುಡುಗ ಹೂಂ ಅಂತಾನೇ ಇರ್ತಾನೆ, ತಲೆಗೆ ಏನೂ ಹೋಗಿರಲ್ಲ, ಅದು ಮೇಲೆ ಹೇಳಿದ ಕಂಟ್ರೋಲ್ ಝಡ್ ಪ್ರಸಂಗ. ಸ್ವೀಕೃತಿ ಪದಕ್ಕೆ ಇಷ್ಟು ಹೇಳೋ ತಾಕತ್ತಿಲ್ಲ ಅಂತ ನನ್ನ ಅಭಿಪ್ರಾಯ.

ಜೊತೆಗೆ ನ್ಯಾಕ್‌ಗೂ (‘ಸರಿಯಾಗಿ ಬರಲಿಲ್ಲ’ ಅನ್ನೋ ಉತ್ತರ) ಪದ ಪುಕ್ಕಟೆ ಸಿಗುತ್ತೆ, ಉಹೂಂ. ಅಕ್ಷರಗಳಿಗೆ ನಂಬರ್ ಕೊಡೋ ಆಸ್ಕಿ ಪಟ್ಟಿಲಿ ಆಕ್ 6ನೇದು, ನ್ಯಾಕ್ 21ನೇದು, ಅಂದ್ರೆ ಈ ಜೋಡಿ ಟಿಸಿಪಿಗಿಂತ ಹಳೇದು. ಟಿಸಿಪಿಲಿ ನ್ಯಾಕ್ ಇಲ್ಲ, ಆದ್ರೆ ಅದಕ್ಕೆ ಹೋಗೋ ಮುಂಚೆ ಸ್ಟಾಪ್ ಅಂಡ್ ವೇಟ್ (ಒಂದು ಪ್ಯಾಕೆಟ್ ಕಳಿಸಿ ಉತ್ತರಕ್ಕೆ ಕಾಯೋ ವಿಧಾನ) ಪಾಠದಲ್ಲಿ ಬರುತ್ತೆ, ಅಲ್ಲಿ ಹುಡುಗ್ರು ಕೇಳೋ ಪ್ರಶ್ನೆ ಏನಂದ್ರೆ ಪ್ಯಾಕೆಟ್ ಸರಿಯಾಗೇ ಹೋಗಿ, ವಾಪಸ್ ಬರೋ ಉತ್ತರವೇ ಕೆಟ್ಟುಹೋದ್ರೆ? ಕೇಳಿಸಿದ್ದು ಹೂಂ ಆ ಉಹೂಂ ಆ ಅಂತ ಗೊತ್ತಾಗ್ದಿದ್ರೆ ಮತ್ತೆ ಹೇಳೋದೊಂದೇ ದಾರಿ, ಮತ್ತೆ ಹೇಳಿದ್ರೆ ಕೇಳೋನಿಗೆ ಇದು ಹೊಸ ಮಾತಾ ಹಳೇದಾ ಅನ್ನೋ ಗೊಂದಲ, ಅದಕ್ಕೇ ಸೊನ್ನೆ ಒಂದು ಅಂತ ಸೀಕ್ವೆನ್ಸ್ ನಂಬರ್ ಹಾಕೋದು. ಕನ್ನಡದಲ್ಲಿ ಹೂಂ, ಉಹೂಂ ಕಿವಿಗೂ ಹತ್ತಿರ ಇರೋದ್ರಿಂದ ಈ ಪಾಠ ತಾನಾಗೇ ಅರ್ಥ ಆಗುತ್ತೆ.

ಈಗ ತೊಡಕುಗಳು, ಇಲ್ಲೇ ನಿಮ್ಮ ಸಹಾಯ ಬೇಕಾಗಿರೋದು.

ಒಂದು, ಹೂಂಗೂ ‘ಒಪ್ಪಿಗೆ’ ಅಂಟಿಕೊಂಡಿದೆಯಲ್ಲ, ‘ಮದುವೆಗೆ ಹುಡುಗಿ ಹೂಂ ಅಂದ್ಲು’ ಅಂತೀವಿ. ಹೂಂ ಅನ್ನು ಅಂದ್ರೆ ಒಪ್ಪೋದು, ಹೂಂಗುಟ್ಟು ಅಂದ್ರೆ ಕೇಳಿಸ್ತಿದೆ ಅಂತ ತೋರ್ಸೋದು, ನನ್ನ ಕಿವಿಗೆ ಈ ವ್ಯತ್ಯಾಸ ಸ್ಪಷ್ಟವಾಗಿ ಕೇಳುತ್ತೆ. ನಿಮ್ಮ ಕಡೆ ಮಾತಲ್ಲೂ ಹೀಗೇನಾ? ಧಾರವಾಡ, ಕಲಬುರಗಿ, ಮಂಗಳೂರು ಕಡೆಯವರು ದಯವಿಟ್ಟು ಹೇಳಿ.

ಎರಡು, ನಾಮಪದ. ಹೂಂಗುಟ್ಟುವಿಕೆ ಅಂತ ಬರೆದ್ರೆ ವ್ಯಾಕರಣ ಸರಿ, ಬಾಯಿಗೆ ಭಾರ. ಹೂಂಕಾರ ಅಂದ್ರೆ ಅರ್ಥವೇ ಬೇರೆ, ಸಿಟ್ಟು ಬಂದು ಗರ್ಜಿಸಿದ ಹಾಗಾಗುತ್ತೆ. ಬರೀ ‘ಹೂಂ’ ಅಂತಲೇ ಇಟ್ಟು, ‘ಸರ್ವರ್ ಹೂಂ ಕಳಿಸಿತು’, ‘ಹೂಂ ಬರದಿದ್ದರೆ’ ಅಂತ ಬರೆದ್ರೆ ನೋಟ್ಸ್‌ಗೆ ತೀರಾ ಹಗುರ ಆಗುತ್ತಾ? ನಂಗಂತೂ ಅದೇ ಇಷ್ಟ, ಆದ್ರೆ ಡಿಪಾರ್ಟ್‌ಮೆಂಟಲ್ಲಿ ನಗೋರು ಇದಾರೆ.

ಮೂರನೇದು ನಿಜವಾಗ್ಲೂ ಕಷ್ಟದ್ದು, ಅಕ್ನಾಲೆಜ್‌ಮೆಂಟ್ ನಂಬರ್. ಟಿಸಿಪಿ ಎಣಿಸೋದು ಪ್ಯಾಕೆಟ್ಟನ್ನಲ್ಲ, ಬೈಟನ್ನ. 1ರಿಂದ 1460ರ ತನಕ ಬೈಟ್ ಬಂದಿದ್ರೆ ಆಕ್ ನಂಬರ್ 1461, ಅಂದ್ರೆ ಅದು ಬಂದಿದ್ದನ್ನ ಹೇಳಲ್ಲ, ಮುಂದೆ ಬರಬೇಕಾದ್ದನ್ನ ಕೇಳುತ್ತೆ. ಸ್ವೀಕೃತಿ ಸಂಖ್ಯೆ ಅಂತ ಕೊಟ್ರೆ ಓದೋರು 1460 ಅಂತಲೇ ಬರೀತಾರೆ, ಅವರದ್ದೇನು ತಪ್ಪು? ಇಲ್ಲಿ ಹೂಂ ಕೂಡ ಸೋಲುತ್ತೆ, ‘ಆಮೇಲೆ?’ ಅನ್ನೋದೇ ಸರಿಯಾದ ಮಾತು. ನಡುವೆ ಒಂದು ಸೆಗ್ಮೆಂಟ್ (ಟಿಸಿಪಿ ಒಂದ್ಸಲಕ್ಕೆ ಕಳಿಸೋ ತುಂಡು) ಕಳೆದುಹೋಗಿ ಅದರ ನಂತರದವು ಬರ್ತಾ ಇದ್ರೆ ರಿಸೀವರ್ ಅದೇ 1461ನ್ನ ಮತ್ತೆ ಮತ್ತೆ ಕಳಿಸುತ್ತೆ, ಅಂಥ ಮೂರು ಡೂಪ್ಲಿಕೇಟ್ ಬಂದ್ರೆ ಟೈಮರ್‌ಗೂ ಕಾಯದೆ ಆ ಸೆಗ್ಮೆಂಟನ್ನ ಮತ್ತೆ ಕಳಿಸ್ತಾರೆ, ಫಾಸ್ಟ್ ರಿಟ್ರಾನ್ಸ್‌ಮಿಟ್ ಅನ್ನೋದು ಅದನ್ನೇ. ಸದ್ಯಕ್ಕೆ ‘ಮುಂದಿನ ಬೈಟ್ ಸಂಖ್ಯೆ’ ಅಂತ ಬರ್ಕೊಂಡಿದೀನಿ, ಅರ್ಥ ಕೂರುತ್ತೆ ಆದ್ರೆ ಆಕ್ ಜೊತೆಗಿನ ನಂಟು ಕಡಿದುಹೋಗುತ್ತೆ. ಇದಕ್ಕಿಂತ ಚುರುಕಾದ್ದು ಬೇಕು.

ಇನ್ನು ಡಿಲೇಡ್ ಆಕ್. 1989ರ ಆರ್‌ಎಫ್‌ಸಿ 1122 ಪ್ರಕಾರ ಪ್ರತಿ ಸೆಗ್ಮೆಂಟ್‌ಗೂ ಆಕ್ ಕೊಡಬೇಕಾಗಿಲ್ಲ, ಪೂರ್ತಿ ಅಳತೆಯ ಎರಡು ಬಂದಾಗ ಒಂದು ಕೊಟ್ರೆ ಆಯ್ತು, ಆದ್ರೆ ಅರ್ಧ ಸೆಕೆಂಡಿಗಿಂತ ಜಾಸ್ತಿ ಕಾಯಿಸೋ ಹಾಗಿಲ್ಲ. ತಡಮಾಡಿದ ಹೂಂ ಅನ್ನೋದಾ, ತಡೆದ ಹೂಂ ಅನ್ನೋದಾ? ತಡ ಅಂದ್ರೆ ಸೋಮಾರಿತನ ಅನ್ನಿಸುತ್ತೆ, ಇಲ್ಲಿ ಬೇಕಂತಲೇ ಹಿಡಿದಿಟ್ಟುಕೊಳ್ಳೋದು. ‘ತಡೆದ’ ಕಡೆಗೇ ನನ್ನ ಒಲವು, ಬೇರೆ ಏನಾದ್ರೂ ಹೊಳೆದ್ರೆ ಬರೀರಿ. ಟಿಸಿಪಿ ಬದಲು ಬಳಸೋ ಹೊಸ ಪ್ರೋಟೋಕಾಲ್ ಕ್ವಿಕ್‌ನ ಆಕ್ ಬೇರೆ ಥರ, ಅದು ಬೈಟ್ ಬಿಟ್ಟು ಪ್ಯಾಕೆಟ್ ನಂಬರನ್ನೇ ಎಣಿಸುತ್ತೆ, ಇಂತಿಂಥ ನಂಬರಿನವು ಬಂದ್ವು ಅಂತ ವ್ಯಾಪ್ತಿ ಸಮೇತ ಹೇಳುತ್ತೆ, ಅಲ್ಲಿ ‘ಆಮೇಲೆ?’ ನಡೆಯೋದಿಲ್ಲ. ಅದನ್ನ ಇನ್ನೊಂದು ಮೇಲ್‌ನಲ್ಲಿ ಕೇಳ್ತೀನಿ, ಮೊದಲು ಟಿಸಿಪಿದು ಇತ್ಯರ್ಥ ಆಗ್ಲಿ.