ಕಾನ್‌ಫ್ಲಿಕ್ಟ್ ಬರಲಿಲ್ಲ, ಆದ್ರೂ ಹಮಾಲಿ ಲೆಕ್ಕ ತಪ್ಪಿತು: ಗಿಟ್‌ದಾಗ ಬ್ರ್ಯಾಂಚ್ ಕೂಡಿಸೋದು ಹ್ಯಾಂಗ?

ಪ್ರಶ್ನೆ: ಗಂಜ್_ಕೋಡ್, ಕಲಬುರಗಿ

ನಮಸ್ಕಾರ್ರಿ. ನೆಹರೂ ಗಂಜ್‌ನ ಅಡತ್ ಅಂಗಡಿಗಳಿಗೆ, ದಾಲ್ ಮಿಲ್‌ಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡೋ ಸಣ್ಣ ತಂಡ ನಮ್ದು. ಕೋಡ್ ಗಿಟ್‌ದಾಗ (ಕೋಡಿನ ಬದಲಾವಣೆ ದಾಖಲಿಡೋ ಸಾಧನ) ಇಡ್ತೀವಿ. ಡಿಸೆಂಬರ್, ಜನವರಿದಾಗ ತೊಗರಿ ಬರೋದು ಶುರುವಾದ್ರ ಪ್ರತಿ ಅಂಗಡಿಯವರೂ ಏನಾರ ಒಂದು ಬದಲು ಕೇಳ್ತಾರ. ಒಬ್ಬರು ಹಮಾಲಿ ಬ್ರ್ಯಾಂಚ್ (ಕೋಡಿನ ಬ್ಯಾರೆ ಕವಲು), ಇನ್ನೊಬ್ಬರು ತಕ್‌ಪಟ್ಟಿ ಪ್ರಿಂಟಿನ ಬ್ರ್ಯಾಂಚ್ ಹಿಡ್ಕೊಂಡು ಕೂಡ್ತಾರ. ವಾರಗಟ್ಟಲೆ ಮೇನ್‌ಗೆ (ಎಲ್ಲರ ಕೋಡ್ ಕೂಡೋ ಮುಖ್ಯ ಬ್ರ್ಯಾಂಚಿಗೆ) ಬರಂಗಿಲ್ಲ.

ಈ ಸಲ ಆದದ್ದು ಹೇಳ್ತೀನಿ. ಹಮಾಲಿ ಫಂಕ್ಷನ್ (ಹಮಾಲಿ ಲೆಕ್ಕ ಹಾಕೋ ಕೋಡಿನ ತುಂಡು) ಮೊದಲು ಕ್ವಿಂಟಲ್ ತಗೋತಿತ್ತು. ಒಂದು ಬ್ರ್ಯಾಂಚ್‌ದಾಗ ಅದನ್ನ ಚೀಲದ ಮ್ಯಾಲೆ ಮಾಡಿ, ಕರೆಯೋ ಜಾಗ ಎಲ್ಲಾ ತಿದ್ದಿದ್ರು. ಅದೇ ಹೊತ್ತಿಗೆ ಇನ್ನೊಂದು ಬ್ರ್ಯಾಂಚ್‌ದಾಗ ಹೊಸ ಫೈಲಿನಿಂದ ಅದೇ ಫಂಕ್ಷನ್ನ ಕ್ವಿಂಟಲ್ ಕೊಟ್ಟು ಕರೆದ್ರು. ಎರಡೂ ಕೂಡಿಸಿದ್ರ ಗಿಟ್ ಒಂದೂ ಕಾನ್‌ಫ್ಲಿಕ್ಟ್ (ಒಂದೇ ಜಾಗಕ್ಕ ಎರಡು ಬ್ಯಾರೆ ತಿದ್ದುಪಡಿ) ತೋರಿಸ್ಲಿಲ್ಲ. 40 ಕ್ವಿಂಟಲ್ ಅಂದ್ರ 50 ಕಿಲೋದ 80 ಚೀಲ, ಬಿಲ್ಲಿನ್ಯಾಗ ಬಿದ್ದದ್ದು 40 ಚೀಲದ ಹಮಾಲಿ. ಬೆನ್ನ ಮ್ಯಾಲೆ ಚೀಲ ಹೊತ್ತವರ ಕೂಲಿ ಅದು, ಅರ್ಧಕ್ಕ ಇಳಿದಿತ್ತು. ಮುನೀಮರು ಕೈಲೆ ಲೆಕ್ಕ ಹಾಕಿ ಹಿಡಿದ್ರು, ಇಲ್ಲಂದ್ರ ಹಂಗೇ ಹೋಗ್ತಿತ್ತು.

ಈಗ ಹುಡುಗರು ಮರ್ಜ್ (ಬ್ರ್ಯಾಂಚ್ ಕೂಡಿಸೋದು) ಅಂದ್ರ ಅಂಜ್ತಾರ. ಕಾನ್‌ಫ್ಲಿಕ್ಟ್ ಬಂದ್ರ ‘ಅಕ್ಸೆಪ್ಟ್ ಕರೆಂಟ್’ (ಈಗಿನ ಕಡಿ ಕೋಡನ್ನೇ ಇಟ್ಕೊ ಅನ್ನೋ ಬಟನ್) ಒತ್ತಿ ಎದ್ದು ಹೋಗ್ತಾರ. ದೊಡ್ಡ ಕಂಪನಿ ಹಂಗ ನಮ್ಮಲ್ಲಿ ಮಂದಿ ಇಲ್ಲ. ಏನು ಮಾಡಬೇಕ್ರಿ?

ಉತ್ತರ: ಬೀದರ್_ಟರ್ಮಿನಲ್

ಮೊದಲು ಆ ಬಟನ್ ಬಿಡಿಸ್ರಿ. ಮಾಮೂಲಿ ಕಾನ್‌ಫ್ಲಿಕ್ಟ್‌ದಾಗ ಎರಡು ಕಡಿ ಮಾತ್ರ ಕಾಣ್ತಾವ, ಮೂಲ ಏನಿತ್ತು ಅನ್ನೋದು ಕಾಣಂಗಿಲ್ಲ. ಮೂಲ ಗೊತ್ತಿಲ್ದೆ ಯಾರು ಏನು ಬದಲಿಸಿದ್ರು ಅಂತ ಹ್ಯಾಂಗ ತಿಳೀಬೇಕು? ಗಿಟ್‌ನ ಕಾನ್ಫಿಗ್‌ದಾಗ (ಸೆಟ್ಟಿಂಗ್‌ದಾಗ) ‘ಮರ್ಜ್.ಕಾನ್‌ಫ್ಲಿಕ್ಟ್‌ಸ್ಟೈಲ್’ಗೆ ‘ಝಡ್‌ಡಿಫ್3’ ಇಡ್ರಿ, ನಡುವ ಮೂಲ ಸಾಲೂ ಬರ್ತದ. ಗಿಟ್ 2.35, ಅಂದ್ರ 2022ರಿಂದ ಇದು ಅದ. ಹಳೇ ಗಿಟ್ ಇದ್ರ ‘ಡಿಫ್3’ ಸಾಕು.

ಇನ್ನೊಂದು, ರೀಬೇಸ್ (ನಿಮ್ಮ ಬದಲಾವಣೆಗಳನ್ನ ಮೇನ್‌ದ ತುದಿ ಮ್ಯಾಲೆ ಮತ್ತ ಇಡೋದು) ಮಾಡೋವಾಗ ‘ಅವರ್ಸ್’ (ನಮ್ದು, ಅಂದ್ರ ಆ ಬಟನ್ನಿನ ‘ಕರೆಂಟ್’), ‘ದೇರ್ಸ್’ (ಅವರದು) ಅದಲು ಬದಲಾಗ್ತಾವ. ನಿಮ್ಮ ಕೆಲಸ ‘ದೇರ್ಸ್’ ಕಡಿ ಹೋಗಿರ್ತದ. ಅಲ್ಲಿ ಕಣ್ಣು ಮುಚ್ಚಿ ‘ಕರೆಂಟ್’ ಒತ್ತಿದ್ರ ನಿಮ್ಮ ಕೋಡೇ ಹೋಯ್ತು. ಮರ್ಜ್‌ದಾಗ ಗೊಂದಲ ಆದ್ರ ‘ಗಿಟ್ ಮರ್ಜ್ --ಅಬಾರ್ಟ್’ ಕೊಟ್ಟು ಹೊರಗ ಬರ್ರಿ, ಮರ್ಜ್‌ಗೆ ಮೊದಲಿದ್ದ ಜಾಗಕ್ಕ ಬರ್ತೀರಿ. ಆದ್ರ ಕಮಿಟ್ ಆಗದ (ಗಿಟ್‌ದಾಗ ದಾಖಲಾಗದ) ಕೆಲಸ ಇಟ್ಕೊಂಡು ಮರ್ಜ್ ಶುರು ಮಾಡಬ್ಯಾಡ್ರಿ.

ಉತ್ತರ: ಸುರಪುರದಾಕಿ, ಯಾದಗಿರಿ

ಮ್ಯಾಲಿನವರು ಹೇಳಿದ್ದು ಖರೇ ಅದ, ಆದ್ರ ಅಣ್ಣಾರ, ನಿಮ್ಮ ಹಮಾಲಿ ತಪ್ಪಿದ್ದು ಕಾನ್‌ಫ್ಲಿಕ್ಟ್ ಇಲ್ದ ಮರ್ಜಿನ್ಯಾಗ. ಗಿಟ್ ಸಾಲು ಹೋಲಿಸ್ತದ, ಅರ್ಥ ಹೋಲಿಸಂಗಿಲ್ಲ. ಬೇರೆ ಬೇರೆ ಫೈಲಿನ್ಯಾಗ ತಿದ್ದಿದ್ರ ಅದಕ್ಕ ಎಲ್ಲಾ ಸುಸೂತ್ರನೇ.

ಇದಕ್ಕ ಸಣ್ಣ ಉಪಾಯ ಅದ, ನಾನು ಯಾವಾಗಲೂ ಮಾಡೋದು ಇದನ್ನೇ. ಫಂಕ್ಷನಿನ ಅರ್ಥ ಬದಲಾದ್ರ ಹೆಸರೂ ಬದಲ ಮಾಡ್ರಿ. ‘ಹಮಾಲಿ’ ತೆಗೆದು ‘ಚೀಲದ ಹಮಾಲಿ’ ಅಂತ ಇಟ್ಟಿದ್ರ, ಇನ್ನೊಂದು ಬ್ರ್ಯಾಂಚಿನ ಕರೆ, ಟೆಸ್ಟ್ (ಕೋಡ್ ಸರಿ ಅದನೋ ನೋಡೋ ಕೋಡ್) ಓಡಿಸಿದ ಕೂಡ್ಲೆ ಮುರಿದು ಬೀಳ್ತಿತ್ತು. ಸುಮ್ಮನ ತಪ್ಪು ರೊಕ್ಕ ತೋರಿಸೋದಕ್ಕಿಂತ ಮುರಿದು ಬೀಳೋದು ನೂರು ಪಾಲು ಚಲೋ.

ಟೆಸ್ಟ್ ಓಡಬೇಕಾದದ್ದು ಕೂಡಿಸಿದ ಕೋಡಿನ ಮ್ಯಾಲೆ. ಎರಡು ಬ್ರ್ಯಾಂಚೂ ಬ್ಯಾರೆ ಬ್ಯಾರೆ ಪಾಸ್ ಆದ್ರ ಏನೂ ಸಾಬೀತಾಗಂಗಿಲ್ಲ. ಗಿಟ್‌ಹಬ್ (ಗಿಟ್ ಕೋಡ್ ಇಡೋ ಆನ್‌ಲೈನ್ ಜಾಗ) ಇದ್ರ, ಮೇನ್‌ದ ಹೊಸ ಕಮಿಟ್ ತಗೊಂಡ ಮ್ಯಾಲೇ ಮರ್ಜ್ ಆಗಬೇಕು ಅನ್ನೋ ನಿಯಮ ಬ್ರ್ಯಾಂಚ್ ಪ್ರೊಟೆಕ್ಷನ್‌ದಾಗ ಹಾಕ್ರಿ. 2023ರಾಗ ಮರ್ಜ್ ಕ್ಯೂ (ಮರ್ಜ್‌ಗಳನ್ನ ಸರದಿ ಪ್ರಕಾರ ಮಾಡೋದು) ಅನ್ನೋದೂ ಬಂದದ, ನಿಮ್ಮಷ್ಟು ಮಂದಿಗೆ ಅದು ಬ್ಯಾಡ.

ಮತ್ತ ವಾರಗಟ್ಟಲೆ ಬ್ರ್ಯಾಂಚ್ ಇಡಬ್ಯಾಡ್ರಿ. ಅರ್ಧ ಆದ ಕೆಲಸನೂ ಸೆಟ್ಟಿಂಗ್‌ದಾಗ ಬಂದ್ ಇಟ್ಟು ಮೇನ್‌ಗೆ ಹಾಕಬಹುದು.

ಉತ್ತರ: ಬೀದರ್_ಟರ್ಮಿನಲ್

ಬರೋಬ್ಬರಿ ಹೇಳಿದ್ರಿ ಅಕ್ಕಾರ. ಒಂದು ಕೂಡಿಸ್ತೀನಿ: ಕೆಟ್ಟ ಮರ್ಜ್‌ನ ‘ಗಿಟ್ ರಿವರ್ಟ್ -ಎಮ್ 1’ ಕೊಟ್ಟು ತೆಗೆದ್ರ, ಮುಂದ ಅದೇ ಬ್ರ್ಯಾಂಚ್ ತಿದ್ದಿ ಮತ್ತ ಮರ್ಜ್ ಮಾಡಿದಾಗ ಹಳೇ ಬದಲಾವಣೆ ಬರಂಗಿಲ್ಲ, ಹೊಸ ಕಮಿಟ್ ಮಾತ್ರ ಬರ್ತಾವ. ಮೊದಲು ಆ ರಿವರ್ಟ್ ಕಮಿಟ್‌ನೇ ರಿವರ್ಟ್ ಮಾಡಬೇಕು.

ಗಂಜ್_ಕೋಡ್:

ಅಕ್ಕಾರ, ಹೆಸರು ಬದಲ ಮಾಡಿ ಓಡಿಸಿದೆ. ಮಿಲ್ಲಿನ ರಿಪೋರ್ಟಿನ್ಯಾಗ ಇನ್ನೊಂದು ಹಳೇ ಕರೆ ಸಿಕ್ತು, ಅದೂ ಕ್ವಿಂಟಲ್ ಕೊಡ್ಲಿಕತ್ತಿತ್ತು! ತಿದ್ದಲಿಕತ್ತೀನಿ. 80 ಚೀಲದ ಆ ಬಿಲ್ಲನ್ನೇ ಟೆಸ್ಟಿಗೆ ಹಾಕ್ತೀನಿ.